ಅಳೆದು ನೋಡಿ ಅಳಿಸಿ: ಹಾರ್ಡ್ ಡಿಸ್ಕಿನಲ್ಲಿ ಜಾಗ ತೆರವು ಮಾಡುವ ಕ್ರಮ

ಕಂಪ್ಯೂಟರಿನ ಸಿ ಡ್ರೈವ್ ತುಂಬುತ್ತಾ ಬಂದಾಗ ತೊಂದರೆಗಳು ಒಂದರ ಹಿಂದೊಂದು ತಲೆದೋರುತ್ತವೆ. ವಿಂಡೋಸ್ ಅಪ್‌ಡೇಟ್ ಅರ್ಧಕ್ಕೇ ನಿಂತುಹೋಗುತ್ತದೆ, ರ‍್ಯಾಮ್ ಸಾಲದಾದಾಗ ಬಳಕೆಗೆ ಬರುವ ಪೇಜ್ ಫೈಲ್‌ಗೆ ಬೆಳೆಯಲು ಎಡೆಯಿಲ್ಲದೆ ಪ್ರೋಗ್ರಾಂಗಳು ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುತ್ತವೆ, ಡ್ರೈವ್ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಬಗೆ) ಆಗಿದ್ದರೆ ಬರೆಯುವ ವೇಗವೂ ಇಳಿಯುತ್ತದೆ. ಇಂಥ ಹೊತ್ತಿನಲ್ಲಿ ಕೈಗೆ ಸಿಕ್ಕಿದ ಫೋಲ್ಡರನ್ನು ಅಳಿಸಿ ಸದ್ಯಕ್ಕೆ ಪಾರಾಗೋಣ ಎನ್ನಿಸುವುದು ಸಹಜ. ಆದರೆ ಆತುರದಲ್ಲಿ ಅಳಿಸಿದ್ದರಿಂದ ಸಿಗುವ ಜಾಗ ಬಹಳ ಸಲ ಕಡಿಮೆ, ಆಗುವ ನಷ್ಟವೇ ಹೆಚ್ಚು.

ಆದ್ದರಿಂದ ಇಲ್ಲಿ ವಿವರಿಸುವ ಕ್ರಮವೆಲ್ಲ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಈ ಫೈಲ್ ಹೋದರೆ ಮತ್ತೆ ಎಲ್ಲಿಂದ ಸಿಗುತ್ತದೆ? ಕಂಪ್ಯೂಟರೇ ಮತ್ತೆ ಸೃಷ್ಟಿಸಿಕೊಳ್ಳುವ ಫೈಲುಗಳನ್ನು ಮೊದಲು ತೆಗೆಯಬೇಕು. ಇಂಟರ್ನೆಟ್‌ನಿಂದ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದಾದವುಗಳ ಸರದಿ ಅನಂತರದ್ದು. ನಿಮ್ಮ ಬಳಿ ಬಿಟ್ಟರೆ ಬೇರೆಲ್ಲೂ ಇಲ್ಲದ ಫೋಟೊ, ವಿಡಿಯೊ, ದಾಖಲೆಗಳನ್ನು ಅಳಿಸದೆ ಬೇರೆ ಡಿಸ್ಕಿಗೆ ಸಾಗಿಸಬೇಕು. ವಿವರಗಳು ಹೆಚ್ಚಾಗಿ ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿವೆ. ಮ್ಯಾಕ್ ಮತ್ತು ಲಿನಕ್ಸ್ ಬಳಸುವವರಿಗೆ ಬೇಕಾದ ನಾಲ್ಕು ಮಾತು ಮುಂದೆ ಇದೆ.

ಮೊದಲು ಅಳತೆ

ಡಿಸ್ಕಿನ ಮೇಲೆ ಅಚ್ಚಾದ ಗಾತ್ರಕ್ಕೂ ವಿಂಡೋಸ್ ತೋರಿಸುವ ಗಾತ್ರಕ್ಕೂ ಇರುವ ವ್ಯತ್ಯಾಸವನ್ನು ಕಂಡು ಜಾಗ ಎಲ್ಲೋ ಸೋರಿಹೋಗಿದೆ ಎಂದು ಭಾವಿಸಬೇಕಿಲ್ಲ. ತಯಾರಕರು ಒಂದು ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್ ಎಂದು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ ಅದನ್ನೇ 1024ರ ಲೆಕ್ಕದಲ್ಲಿ ಭಾಗಿಸುತ್ತದೆ. ಹೀಗಾಗಿ 1 ಟಿಬಿ ಡಿಸ್ಕ್ ಸುಮಾರು 931 ಜಿಬಿ ಎಂದೂ 256 ಜಿಬಿ ಡಿಸ್ಕ್ ಸುಮಾರು 238 ಜಿಬಿ ಎಂದೂ ಕಾಣಿಸುತ್ತದೆ. ಇದರಲ್ಲಿ ರಿಕವರಿ ಮುಂತಾದ ಸಣ್ಣ ಪಾರ್ಟಿಷನ್‌ಗಳಿಗೂ (ಡಿಸ್ಕಿನಲ್ಲಿ ಪ್ರತ್ಯೇಕಿಸಿದ ಭಾಗಗಳಿಗೂ) ಸ್ವಲ್ಪ ಪಾಲು ಹೋಗುತ್ತದೆ. ಅವುಗಳನ್ನು ಅಳಿಸಿ ಜಾಗ ಗಳಿಸುವ ಯೋಚನೆ ಬೇಡ.

ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್, ಅದರೊಳಗೆ ಸ್ಟೋರೇಜ್ ಎಂಬಲ್ಲಿಗೆ ಹೋದರೆ ಆ್ಯಪ್‌ಗಳು ಎಷ್ಟು, ತಾತ್ಕಾಲಿಕ ಫೈಲುಗಳು ಎಷ್ಟು, ಡಾಕ್ಯುಮೆಂಟ್‌ಗಳು ಎಷ್ಟು ಎಂಬ ಸ್ಥೂಲ ಚಿತ್ರ ಸಿಗುತ್ತದೆ. ಆದರೆ 'ಅದರ್' ಎಂಬ ವಿಭಾಗವೇ ಅರ್ಧ ಡಿಸ್ಕನ್ನು ನುಂಗಿದ್ದರೆ ಈ ಚಿತ್ರದಿಂದ ಪ್ರಯೋಜನವಿಲ್ಲ. ಆಗ ವಿಜ್‌ಟ್ರೀ ಅಥವಾ ವಿನ್‌ಡರ್‌ಸ್ಟ್ಯಾಟ್‌ನಂಥ ಸಾಧನ ಬೇಕು. ವಿಜ್‌ಟ್ರೀ ಒಂದೊಂದೇ ಫೋಲ್ಡರನ್ನು ಹೊಕ್ಕು ಎಣಿಸುವ ಬದಲು ಎನ್‌ಟಿಎಫ್‌ಎಸ್ (ವಿಂಡೋಸ್ ಸಾಮಾನ್ಯವಾಗಿ ಬಳಸುವ ಫಾರ್ಮ್ಯಾಟ್) ಡಿಸ್ಕಿನಲ್ಲಿರುವ ಮಾಸ್ಟರ್ ಫೈಲ್ ಟೇಬಲ್ ಎಂಬ ಸೂಚಿಯನ್ನೇ ನೇರವಾಗಿ ಓದುವುದರಿಂದ ಬಹಳ ಬೇಗ ಕೆಲಸ ಮುಗಿಸುತ್ತದೆ. ವಿನ್‌ಡರ್‌ಸ್ಟ್ಯಾಟ್ ಮುಕ್ತ ತಂತ್ರಾಂಶ. ಸ್ವಲ್ಪ ನಿಧಾನವಾದರೂ ಅದರ ಬಣ್ಣದ ನಕ್ಷೆ ತುಂಬ ಸ್ಪಷ್ಟ. ಎರಡರಲ್ಲಿ ಯಾವುದಾದರೂ ಆದೀತು, ಆದರೆ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಮೂಲಕವೇ ತೆರೆಯಿರಿ. ಹಾಗೆ ಮಾಡದಿದ್ದರೆ ರಿಸ್ಟೋರ್ ಪಾಯಿಂಟ್‌ಗಳು (ತೊಂದರೆಯಾದಾಗ ಮರಳಲೆಂದು ವಿಂಡೋಸ್ ಉಳಿಸಿಕೊಳ್ಳುವ ಹಿಂದಿನ ಸ್ಥಿತಿಗಳು) ಇರುವ ಫೋಲ್ಡರಿನಂಥ ಕೆಲವು ಭಾಗಗಳನ್ನು ಅದು ಓದಲಾರದೆ, ಒಟ್ಟು ಮೊತ್ತ ಹೊಂದಿಕೆಯಾಗದೆ ಉಳಿಯುತ್ತದೆ.

ಆ ನಕ್ಷೆಯಲ್ಲಿ ಪ್ರತಿ ಫೈಲೂ ಒಂದು ಆಯತ, ಗಾತ್ರ ದೊಡ್ಡದಾದಷ್ಟೂ ಆಯತ ದೊಡ್ಡದು. ಕಣ್ಣಿಗೆ ಮೊದಲು ಬೀಳುವ ಹತ್ತಿಪ್ಪತ್ತು ಆಯತಗಳ ಮೇಲೆ ಒಂದೊಂದಾಗಿ ಕ್ಲಿಕ್ ಮಾಡಿ ಹೆಸರನ್ನೂ ಫೋಲ್ಡರನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಈ ಹಂತದಲ್ಲಿ ಏನನ್ನೂ ಅಳಿಸಬೇಡಿ. ಮರೆತೇಹೋದ ಫೋನಿನ ಬ್ಯಾಕಪ್ಪೊಂದು, ಆಡುವುದು ಬಿಟ್ಟು ಎಷ್ಟೋ ಕಾಲವಾದ ಗೇಮ್, ಎಡಿಟಿಂಗ್ ಮುಗಿದ ಮೇಲೂ ಉಳಿದುಕೊಂಡ ವಿಡಿಯೊ ಕ್ಯಾಶ್ (ವೇಗಕ್ಕಾಗಿ ಪ್ರೋಗ್ರಾಂ ಇಟ್ಟುಕೊಳ್ಳುವ ತಾತ್ಕಾಲಿಕ ನಕಲು), ಇಂಥ ಕೆಲವೇ ಆಯತಗಳು ಜಾಗದ ಬಹುಪಾಲನ್ನು ಹಿಡಿದಿರುವುದು ಸಾಮಾನ್ಯ. ನೂರಾರು ಸಣ್ಣ ಫೈಲುಗಳನ್ನು ಹೆಕ್ಕಿ ಅಳಿಸುವುದರಲ್ಲಿ ಇಡೀ ಸಂಜೆ ಕಳೆಯುವುದಕ್ಕಿಂತ ಈ ಹಾಳೆಯ ಮೊದಲ ಐದು ಸಾಲುಗಳ ಬಗ್ಗೆ ತೀರ್ಮಾನಿಸುವುದು ಹೆಚ್ಚು ಫಲ ಕೊಡುತ್ತದೆ.

ಕಂಪ್ಯೂಟರೇ ಮತ್ತೆ ಮಾಡಿಕೊಳ್ಳುವ ಫೈಲುಗಳು

ಸ್ಟೋರೇಜ್ ಪುಟದಲ್ಲಿರುವ ಟೆಂಪರರಿ ಫೈಲ್ಸ್ ಎಂಬುದನ್ನು ಒತ್ತಿ, ಪಟ್ಟಿ ಸಿದ್ಧವಾಗುವವರೆಗೆ ಕಾಯಿರಿ. ಇಲ್ಲಿ ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಷನ್ ಫೈಲುಗಳು, ಥಂಬ್‌ನೇಲ್‌ಗಳು, ತಾತ್ಕಾಲಿಕ ಫೈಲುಗಳು ಇವನ್ನೆಲ್ಲ ಧೈರ್ಯವಾಗಿ ಆಯ್ದುಕೊಳ್ಳಬಹುದು. ಥಂಬ್‌ನೇಲ್ ಅಳಿಸಿದರೆ ಮುಂದಿನ ಬಾರಿ ಫೋಟೊ ಫೋಲ್ಡರ್ ತೆರೆದಾಗ ಚಿತ್ರಗಳ ಕಿರುರೂಪ ಮೂಡಲು ಕ್ಷಣ ಹೊತ್ತು ಹಿಡಿಯುತ್ತದೆಯೇ ಹೊರತು ಮೂಲ ಫೋಟೊಗಳಿಗೆ ಏನೂ ಆಗುವುದಿಲ್ಲ.

ಆದರೆ ಇದೇ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂಬ ಸಾಲೂ ಇರುತ್ತದೆ. ತಾತ್ಕಾಲಿಕ ಫೈಲುಗಳ ಗುಂಪಿನಲ್ಲಿ ಅದು ಕಾಣಿಸಿಕೊಳ್ಳುವುದರಿಂದ, ಎಲ್ಲಕ್ಕೂ ಟಿಕ್ ಹಾಕುತ್ತಾ ಹೋಗುವವರು ಅದಕ್ಕೂ ಹಾಕಿಬಿಡುವ ಸಂಭವವಿದೆ. ಬ್ಯಾಂಕಿನ ಸ್ಟೇಟ್‌ಮೆಂಟ್, ಇಮೇಲ್‌ನಿಂದ ಉಳಿಸಿಕೊಂಡ ಒಪ್ಪಂದಪತ್ರ, ಮಕ್ಕಳ ಪ್ರಮಾಣಪತ್ರದ ಪಿಡಿಎಫ್ ಎಲ್ಲವೂ ಬಹುಮಂದಿಯ ಕಂಪ್ಯೂಟರಿನಲ್ಲಿ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಬಿದ್ದಿರುತ್ತವೆ. ಆ ಸಾಲಿಗೆ ಟಿಕ್ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡೇ ರಿಮೂವ್ ಒತ್ತಿ.

'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್' ಎಂಬ ಸಾಲು ಕಂಡರೆ ಅದು ವಿಂಡೋಸ್.ಓಲ್ಡ್ ಫೋಲ್ಡರ್. ದೊಡ್ಡ ಅಪ್‌ಗ್ರೇಡ್ ಆದಾಗ ಹಳೆಯ ವಿಂಡೋಸ್‌ಗೆ ಮರಳಲು ಅನುಕೂಲವಾಗಲೆಂದು ಉಳಿಸಿಕೊಂಡ ಪ್ರತಿ ಇದು, ಹಲವು ಜಿಬಿ ಇರುತ್ತದೆ. ಸಾಮಾನ್ಯವಾಗಿ 10 ದಿನಗಳ ನಂತರ ವಿಂಡೋಸ್ ತಾನಾಗಿಯೇ ಇದನ್ನು ತೆಗೆಯುತ್ತದೆ. ಹೊಸ ಆವೃತ್ತಿಯಲ್ಲಿ ಪ್ರಿಂಟರ್, ಧ್ವನಿ, ನಿತ್ಯ ಬಳಸುವ ಪ್ರೋಗ್ರಾಂಗಳು ಸರಿಯಾಗಿ ನಡೆಯುತ್ತಿವೆ ಎಂದು ಮನವರಿಕೆಯಾದ ಮೇಲೆ ಅದಕ್ಕೆ ಮೊದಲೇ ಅಳಿಸಬಹುದು; ಅಳಿಸಿದ ಮೇಲೆ ಹಿಂದಕ್ಕೆ ಮರಳುವ ದಾರಿ ಮುಚ್ಚುತ್ತದೆ.

ಹೈಬರ್ನೇಷನ್ ಫೈಲ್ ಇನ್ನೊಂದು ದೊಡ್ಡ ತುಂಡು. ಕಂಪ್ಯೂಟರನ್ನು ಹೈಬರ್ನೇಟ್ ಮಾಡಿದಾಗ ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದಿಡಲು ವಿಂಡೋಸ್ ಮೊದಲೇ ಕಾದಿರಿಸಿಕೊಂಡಿರುವ ಜಾಗ ಇದು. ಸಾಮಾನ್ಯವಾಗಿ ರ‍್ಯಾಮ್‌ನ ಶೇ 40ರಷ್ಟು, ಅಂದರೆ 16 ಜಿಬಿ ರ‍್ಯಾಮ್ ಇದ್ದರೆ 6 ಜಿಬಿಗಿಂತ ಹೆಚ್ಚು. ಹೈಬರ್ನೇಟ್ ಬಳಸದವರು ಅಡ್ಮಿನಿಸ್ಟ್ರೇಟರ್ ಅನುಮತಿಯಿರುವ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಆಜ್ಞೆಯ ಮೂಲಕ ಅದನ್ನು ಆಫ್ ಮಾಡಿದರೆ ಫೈಲ್ ತಾನಾಗಿಯೇ ಮಾಯವಾಗುತ್ತದೆ. ಇದರೊಂದಿಗೆ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವೂ ನಿಲ್ಲುತ್ತದೆ. ಎಸ್‌ಎಸ್‌ಡಿ ಇರುವ ಮೇಜಿನ ಕಂಪ್ಯೂಟರಿನಲ್ಲಿ ಇದರಿಂದ ಹೆಚ್ಚೇನೂ ವ್ಯತ್ಯಾಸವಾಗದು. ಲ್ಯಾಪ್‌ಟಾಪ್‌ನಲ್ಲಿ ಮಾತ್ರ, ಬ್ಯಾಟರಿ ಪೂರ್ತಿ ಇಳಿಯುವಾಗ ತೆರೆದ ಕೆಲಸವನ್ನು ಕಾಪಾಡುವುದು ಹೈಬರ್ನೇಷನ್ನೇ ಆದ್ದರಿಂದ ಹಾಗೇ ಬಿಡುವುದು ಲೇಸೆಂದು ನನ್ನ ಅಭಿಪ್ರಾಯ.

ರಿಸ್ಟೋರ್ ಪಾಯಿಂಟ್‌ಗಳೂ ಸದ್ದಿಲ್ಲದೆ ಜಾಗ ಹಿಡಿಯುತ್ತವೆ. ಸ್ಟಾರ್ಟ್ ಮೆನುವಿನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ ತೆರೆದು, ಸಿಸ್ಟಮ್ ಪ್ರೊಟೆಕ್ಷನ್‌ನಲ್ಲಿ ಕಾನ್ಫಿಗರ್ ಒತ್ತಿದರೆ ಅವು ಎಷ್ಟು ಜಾಗ ಬಳಸಿವೆ, ಗರಿಷ್ಠ ಎಷ್ಟು ಬಳಸಬಹುದು ಎಂಬುದು ಕಾಣುತ್ತದೆ. ಆ ಗರಿಷ್ಠ ಮಿತಿಯನ್ನು ಇಳಿಸಿದರೆ ಹಳೆಯ ಪಾಯಿಂಟ್‌ಗಳು ಹೋಗುತ್ತವೆ. ಪೂರ್ತಿ ಆಫ್ ಮಾಡಬೇಡಿ. ಕೆಟ್ಟ ಡ್ರೈವರ್ ಒಂದು ಬಂದು ಕೂತ ದಿನ ನೆರವಿಗೆ ಬರುವುದು ಇದೇ.

ಬ್ರೌಸರಿನ ಕ್ಯಾಶ್ ತೆಗೆಯಲು ಕಂಟ್ರೋಲ್, ಶಿಫ್ಟ್ ಮತ್ತು ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಕ್ಯಾಶ್ ಆದ ಚಿತ್ರಗಳು ಮತ್ತು ಫೈಲುಗಳಿಗೆ ಮಾತ್ರ ಟಿಕ್ ಹಾಕಿ. ಪಾಸ್‌ವರ್ಡ್, ಕುಕಿಗಳ ಟಿಕ್ ತೆಗೆಯಿರಿ. ಇದರಿಂದ ಸಿಕ್ಕ ಜಾಗ ಕೆಲವೇ ದಿನಗಳಲ್ಲಿ ಮತ್ತೆ ತುಂಬುವುದರಿಂದ ಇದನ್ನು ನಿತ್ಯಕರ್ಮ ಮಾಡಿಕೊಳ್ಳುವ ಅಗತ್ಯವಿಲ್ಲ.

ಇಷ್ಟೆಲ್ಲ ಆದ ಮೇಲೆ ರಿಸೈಕಲ್ ಬಿನ್ ಖಾಲಿ ಮಾಡಿ. ಬಿನ್‌ಗೆ ಹೋದ ಫೈಲ್ ಡಿಸ್ಕಿನಲ್ಲೇ ಇರುತ್ತದೆ, ಬಿನ್ ಖಾಲಿಯಾಗುವವರೆಗೆ ಒಂದು ಬೈಟೂ ತೆರವಾಗುವುದಿಲ್ಲ. ಖಾಲಿ ಮಾಡುವ ಮುನ್ನ ಒಮ್ಮೆ ತೆರೆದು ನೋಡುವುದು ಅವಶ್ಯ, ಏಕೆಂದರೆ ಟ್ರಿಮ್ ವ್ಯವಸ್ಥೆಯಿರುವ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಭಾಗವನ್ನು ಡ್ರೈವ್ ಬೇಗನೆ ಶುದ್ಧಗೊಳಿಸುವುದರಿಂದ ರಿಕವರಿ ತಂತ್ರಾಂಶಗಳ ಮೂಲಕ ಮರಳಿ ಪಡೆಯುವ ಆಸೆ ಬಹುತೇಕ ಇರುವುದಿಲ್ಲ.

ಕೈ ಹಾಕಬಾರದ ಕಡೆಗಳು

ನಕ್ಷೆಯಲ್ಲಿ ದೊಡ್ಡದಾಗಿ ಕಂಡರೂ ಮುಟ್ಟಬಾರದ ಕೆಲವು ಫೋಲ್ಡರುಗಳಿವೆ. ವಿಂಡೋಸ್ ಫೋಲ್ಡರಿನೊಳಗಿನ ವಿನ್‌ಎಸ್‌ಎಕ್ಸ್‌ಎಸ್ ಅವುಗಳಲ್ಲಿ ಮುಖ್ಯವಾದದ್ದು. ಅದರಲ್ಲಿರುವ ಬಹಳಷ್ಟು ಫೈಲುಗಳು ಹಾರ್ಡ್ ಲಿಂಕ್ ಮೂಲಕ ಸಿಸ್ಟಮ್‌ನ ಇತರ ಫೋಲ್ಡರುಗಳಲ್ಲೂ ಕಾಣಿಸಿಕೊಳ್ಳುತ್ತವೆ. ಡಿಸ್ಕಿನಲ್ಲಿರುವುದು ಒಂದೇ ಪ್ರತಿಯಾದರೂ ಎಕ್ಸ್‌ಪ್ಲೋರರ್ ಎರಡು ಕಡೆ ಎಣಿಸುವುದರಿಂದ ಅದು ನಿಜಕ್ಕಿಂತ ದೊಡ್ಡದಾಗಿ ತೋರುತ್ತದೆ. ಅಲ್ಲಿನ ಹಳೆಯ ಭಾಗಗಳನ್ನು ಮೇಲೆ ಹೇಳಿದ ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಸುರಕ್ಷಿತವಾಗಿ ತೆಗೆಯುತ್ತದೆ, ಕೈಯಾರೆ ಅಳಿಸಿದರೆ ವಿಂಡೋಸ್ ಆರಂಭವೇ ಆಗದಿರಬಹುದು.

ವಿಂಡೋಸ್ ಫೋಲ್ಡರಿನಲ್ಲೇ ಅಡಗಿರುವ ಇನ್‌ಸ್ಟಾಲರ್ ಫೋಲ್ಡರಿನದೂ ಇದೇ ಕಥೆ. ಹಳೆಯ ಸೆಟಪ್ ಫೈಲುಗಳ ರಾಶಿಯಂತೆ ಕಾಣುವ ಅದನ್ನು ಅಳಿಸಿದರೆ, ಮುಂದೆ ಆ ಪ್ರೋಗ್ರಾಂಗಳನ್ನು ಅಪ್‌ಡೇಟ್ ಮಾಡುವುದಕ್ಕಾಗಲಿ ತೆಗೆದುಹಾಕುವುದಕ್ಕಾಗಲಿ ಆಗದೆ ಪರದಾಡಬೇಕಾಗುತ್ತದೆ. ಪೇಜ್ ಫೈಲ್‌ನ ನಿರ್ವಹಣೆಯನ್ನು ವಿಂಡೋಸ್‌ಗೇ ಬಿಡಿ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ) ಶುಚಿಗೊಳಿಸುತ್ತೇವೆ ಎನ್ನುವ ತಂತ್ರಾಂಶಗಳಿಂದ ಹೇಳಿಕೊಳ್ಳುವಷ್ಟು ಜಾಗವೇನೂ ಸಿಗುವುದಿಲ್ಲ, ತಪ್ಪಾದರೆ ಹಾನಿ ಮಾತ್ರ ದೊಡ್ಡದು. ಡಿಫ್ರಾಗ್ ಮಾಡಿದರೆ ಜಾಗ ಹೆಚ್ಚುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಅದು ಚದುರಿದ ತುಣುಕುಗಳನ್ನು ಒಟ್ಟುಗೂಡಿಸುತ್ತದೆ, ಅಷ್ಟೇ.

ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದಾದವು

ಸೆಟ್ಟಿಂಗ್ಸ್‌ನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯನ್ನು ಗಾತ್ರದ ಪ್ರಕಾರ ಜೋಡಿಸಿಕೊಂಡು ಮೇಲಿನಿಂದ ನೋಡುತ್ತಾ ಬನ್ನಿ. ಬಳಸದ ಪ್ರೋಗ್ರಾಂ ಕಂಡರೆ ಅಲ್ಲಿಂದಲೇ ಅನ್‌ಇನ್‌ಸ್ಟಾಲ್ ಮಾಡಿ; ಪ್ರೋಗ್ರಾಂ ಫೈಲ್ಸ್‌ನೊಳಗೆ ಹೋಗಿ ಫೋಲ್ಡರನ್ನೇ ಅಳಿಸುವುದು ಸರಿಯಾದ ದಾರಿಯಲ್ಲ. ಇಂದಿನ ಗೇಮ್‌ಗಳಲ್ಲಿ ಕೆಲವು ಒಂದೊಂದೇ 100 ಜಿಬಿ ದಾಟುತ್ತವೆ. ಇನ್ನೊಂದು ಡ್ರೈವ್ ಇದ್ದವರು ಅಳಿಸುವ ಬದಲು ಸಾಗಿಸಬಹುದು, ಗೇಮ್ ಮಾರುವ ಸ್ಟೀಮ್ ತಂತ್ರಾಂಶದಲ್ಲಿ ಅದಕ್ಕೆಂದೇ ಮೂವ್ ಆಯ್ಕೆಯಿದೆ. ಕೆಲವು ಹಳೆಯ ಗೇಮ್‌ಗಳ ಸೇವ್ ಫೈಲ್ ಕ್ಲೌಡ್‌ಗೆ ಹೋಗದೆ ಕಂಪ್ಯೂಟರಿನಲ್ಲೇ ಉಳಿದಿರುವುದರಿಂದ, ಅನ್‌ಇನ್‌ಸ್ಟಾಲ್ ಮಾಡುವ ಮುನ್ನ ಅದನ್ನು ತೆಗೆದಿಡಿ.

ಡೌನ್‌ಲೋಡ್ಸ್ ಫೋಲ್ಡರನ್ನು ಗಾತ್ರದ ಕ್ರಮದಲ್ಲಿ ತೆರೆದರೆ ಮೇಲ್ತುದಿಯಲ್ಲಿ ಸೆಟಪ್ ಫೈಲುಗಳು, ಐಎಸ್‌ಒ ಫೈಲುಗಳು (ಇಡೀ ಡಿಸ್ಕೊಂದರ ಪ್ರತಿಯನ್ನು ಒಂದೇ ಫೈಲಾಗಿಸಿದವು), ಬಿಚ್ಚಿದ ಮೇಲೂ ಉಳಿದ ಜಿಪ್‌ಗಳು ಸಾಲಾಗಿ ನಿಂತಿರುತ್ತವೆ. ತಯಾರಕರ ತಾಣದಲ್ಲಿ ಸಿಗುವ ಸೆಟಪ್‌ಗಳನ್ನು ಇಟ್ಟುಕೊಳ್ಳಬೇಕಿಲ್ಲ, ಹೊಸ ಆವೃತ್ತಿಯೇ ಅಲ್ಲಿ ಸಿಗುತ್ತದೆ. ತಯಾರಕರು ಕೈಬಿಟ್ಟ ಹಳೆಯ ಸ್ಕ್ಯಾನರಿನ ಡ್ರೈವರ್‌ನಂಥದ್ದು ಇದ್ದರೆ ಅದು ಈ ಗುಂಪಿಗೆ ಸೇರದು, ಉಳಿಸಿಕೊಳ್ಳಿ.

ಇಮೇಲ್ ಫೈಲುಗಳ ವಿಚಾರದಲ್ಲಿ ಸೂಕ್ಷ್ಮವಾದ ಒಂದು ವ್ಯತ್ಯಾಸವಿದೆ. ಔಟ್‌ಲುಕ್ ಬಳಸುವವರ ಡಿಸ್ಕಿನಲ್ಲಿ ಓಎಸ್‌ಟಿ, ಪಿಎಸ್‌ಟಿ ಎಂದು ಎರಡು ಬಗೆಯ ದೊಡ್ಡ ಫೈಲುಗಳು ಕಾಣಬಹುದು. ಓಎಸ್‌ಟಿ ಎಂಬುದು ಸರ್ವರ್‌ನಲ್ಲಿರುವ ಅಂಚೆಯ ನಕಲು, ಸರ್ವರ್‌ನಿಂದ ಅದನ್ನು ಮತ್ತೆ ಕಟ್ಟಿಕೊಳ್ಳಬಹುದು. ಪಿಎಸ್‌ಟಿ ಹಾಗಲ್ಲ. ಪಿಒಪಿ (ಪತ್ರಗಳನ್ನು ಸರ್ವರ್‌ನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆಯ) ಖಾತೆಯಿಂದ ಇಳಿಸಿಕೊಂಡು ಸರ್ವರ್‌ನಿಂದ ತೆಗೆದ ಪತ್ರಗಳು, ಹಳೆಯ ವರ್ಷಗಳ ಆರ್ಕೈವ್, ಇವುಗಳ ಏಕೈಕ ಪ್ರತಿ ಅದೇ ಆಗಿರಬಹುದು. ಹೆಸರಿನ ಕೊನೆಯ ಮೂರಕ್ಷರದಲ್ಲಿ ಒಂದೇ ಅಕ್ಷರ ಬೇರೆ; ಅಳಿಸಿದಾಗಿನ ಫಲ ಪೂರ್ತಿ ಬೇರೆ.

ಕ್ಲೌಡ್ ಫೋಲ್ಡರುಗಳು

ಒನ್‌ಡ್ರೈವ್‌ನಂಥ ಸಿಂಕ್ ಆಗುವ ಫೋಲ್ಡರಿನಲ್ಲಿ ಎರಡು ಕ್ರಿಯೆಗಳನ್ನು ಬೇರ್ಪಡಿಸಿ ನೋಡಬೇಕು. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಆರಿಸಿದರೆ ಕಂಪ್ಯೂಟರಿನಲ್ಲಿರುವ ಪ್ರತಿ ಹೋಗಿ, ಕ್ಲೌಡ್‌ನಲ್ಲಿರುವ ಪ್ರತಿ ಉಳಿಯುತ್ತದೆ. ಹೆಸರಿನ ಪಕ್ಕದಲ್ಲಿ ನೀಲಿ ಮೋಡದ ಗುರುತು ಬರುತ್ತದೆ. ಡಿಲೀಟ್ ಒತ್ತಿದರೆ ಕ್ಲೌಡ್‌ನಿಂದಲೂ, ಅದೇ ಖಾತೆಯಿರುವ ಉಳಿದ ಸಾಧನಗಳಿಂದಲೂ ಹೋಗುತ್ತದೆ. ಕ್ಲೌಡ್‌ನಲ್ಲಿ ಇದೆಯಲ್ಲ ಎಂಬ ಭರವಸೆಯಿಂದ ಡಿಲೀಟ್ ಒತ್ತುವುದು ಅತ್ಯಂತ ಸಾಮಾನ್ಯವಾದ ತಪ್ಪು. ಒಂದು ಫೈಲ್ ನಿಜಕ್ಕೂ ಜಾಗ ಹಿಡಿದಿದೆಯೇ ಎಂದು ತಿಳಿಯಲು ಅದರ ಪ್ರಾಪರ್ಟೀಸ್ ತೆರೆದು 'ಸೈಜ್' ಬದಲಿಗೆ 'ಸೈಜ್ ಆನ್ ಡಿಸ್ಕ್' ನೋಡಿ. ಕ್ಲೌಡ್‌ನಲ್ಲಷ್ಟೇ ಇರುವ ಫೈಲಿಗೆ ಅಲ್ಲಿ ಸೊನ್ನೆ ಇರುತ್ತದೆ.

ನಿಮ್ಮಲ್ಲಿ ಮಾತ್ರ ಇರುವಂಥವು

ಫೋನಿನಲ್ಲಿ ತೆಗೆದ 4ಕೆ ವಿಡಿಯೊ ಒಂದು ನಿಮಿಷಕ್ಕೆ ನೂರಾರು ಎಂಬಿ ಆಗುವುದರಿಂದ, ಮನೆಮಂದಿಯ ವಿಡಿಯೊಗಳೇ ಬಹಳ ಡಿಸ್ಕುಗಳನ್ನು ತುಂಬಿರುತ್ತವೆ. ಇವುಗಳನ್ನು ಜಿಪ್ ಮಾಡಿ ಜಾಗ ಉಳಿಸಲು ಹೊರಡುವುದು ವ್ಯರ್ಥ. ಎಂಪಿ4, ಜೆಪೆಗ್, ಎಂಪಿ3 ಇವೆಲ್ಲ ಮೊದಲೇ ಕುಗ್ಗಿಸಿದ ರೂಪಗಳಾದ್ದರಿಂದ ಜಿಪ್‌ನಲ್ಲಿ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಸಾಗಿಸುವುದೊಂದೇ ದಾರಿ.

ಹೊರಗಿನ ಡಿಸ್ಕ್ ಯಾವ ರೀತಿ ಫಾರ್ಮ್ಯಾಟ್ ಆಗಿದೆ ಎಂಬುದನ್ನು ಮೊದಲು ನೋಡಿ. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ಸ್ವೀಕರಿಸುವುದಿಲ್ಲ. ವಿಂಡೋಸ್‌ನಲ್ಲಷ್ಟೇ ಬಳಸುವುದಾದರೆ ಎನ್‌ಟಿಎಫ್‌ಎಸ್, ಮ್ಯಾಕ್‌ನಲ್ಲೂ ಬರೆಯಬೇಕಿದ್ದರೆ ಎಕ್ಸ್‌ಫ್ಯಾಟ್ ಸೂಕ್ತ. ಫಾರ್ಮ್ಯಾಟ್ ಬದಲಾಯಿಸಿದರೆ ಅದರಲ್ಲಿರುವುದೆಲ್ಲ ಹೋಗುತ್ತದೆ ಎಂಬುದು ನೆನಪಿರಲಿ.

ನಂತರ ಕಟ್ ಮಾಡದೆ ಕಾಪಿ ಮಾಡಿ. ನಕಲು ಮುಗಿದ ಮೇಲೆ ಎರಡೂ ಫೋಲ್ಡರುಗಳ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆಯನ್ನೂ ಬೈಟ್‌ಗಳ ಮೊತ್ತವನ್ನೂ ಕೊನೆಯ ಅಂಕಿಯವರೆಗೆ ಹೋಲಿಸಿ. ಇಲ್ಲಿ 'ಸೈಜ್' ಸಾಲನ್ನೇ ನೋಡಬೇಕು. 'ಸೈಜ್ ಆನ್ ಡಿಸ್ಕ್' ಎರಡು ಡಿಸ್ಕುಗಳಲ್ಲಿ ಬೇರೆಯಾಗಿರುವುದು ಸಹಜ. ಡಿಸ್ಕನ್ನು ಸರಿಯಾಗಿ ಇಜೆಕ್ಟ್ ಮಾಡಿ, ಮತ್ತೆ ಜೋಡಿಸಿ, ಆರಂಭದ, ನಡುವಿನ, ಕೊನೆಯ ಕೆಲವು ವಿಡಿಯೊಗಳನ್ನು ಹೊರಗಿನ ಡಿಸ್ಕಿನಿಂದಲೇ ತೆರೆದು ನೋಡಿ. ಆಮೇಲಷ್ಟೇ ಮೂಲವನ್ನು ಅಳಿಸುವ ಮಾತು.

ಆಗಲೂ ಒಂದು ಷರತ್ತಿದೆ. ಮೂಲವನ್ನು ಅಳಿಸಿದ ಕೂಡಲೇ ಹೊರಗಿನ ಡಿಸ್ಕಿನಲ್ಲಿರುವುದು ಬ್ಯಾಕಪ್ ಆಗಿ ಉಳಿಯುವುದಿಲ್ಲ, ಅದೇ ಏಕೈಕ ಪ್ರತಿಯಾಗುತ್ತದೆ. ಒಮ್ಮೆ ಕೈಜಾರಿ ಬಿದ್ದರೆ ಇಡೀ ಕುಟುಂಬದ ವರ್ಷಗಳು ಹೋದಂತೆ. ಆದ್ದರಿಂದ ಇನ್ನೊಂದು ಡಿಸ್ಕಿನಲ್ಲಾಗಲಿ ಕ್ಲೌಡ್‌ನಲ್ಲಾಗಲಿ ಎರಡನೆಯ ಪ್ರತಿ ಸಿದ್ಧವಾಗುವವರೆಗೂ ಮೂಲವನ್ನು ಮುಟ್ಟಬೇಡಿ ಎಂದು ಒತ್ತಿ ಹೇಳುತ್ತೇನೆ.

ಒಂದೇ ಫೋಟೊ ಮೂರು ನಾಲ್ಕು ಕಡೆ ಇದ್ದರೆ ನಕಲು ಹುಡುಕುವ ತಂತ್ರಾಂಶಗಳು ನೆರವಾಗುತ್ತವೆ. ಹೆಸರನ್ನು ನೋಡದೆ ಫೈಲಿನ ಒಳಗಿನ ವಿಷಯವನ್ನೇ ಹೋಲಿಸುವ ವಿಧಾನವನ್ನು ಆರಿಸಿ, ನಿಮ್ಮ ಫೋಟೊ, ವಿಡಿಯೊ ಫೋಲ್ಡರುಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಿ. ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್‌ನಲ್ಲಿ ಒಂದೇ ಫೈಲ್ ಹಲವೆಡೆ ಇರುವುದಕ್ಕೆ ಕಾರಣಗಳಿರುತ್ತವೆ. ಐಫೋನ್ ಬ್ಯಾಕಪ್ ಕಂಡರೆ ಫೋಲ್ಡರನ್ನು ನೇರವಾಗಿ ಅಳಿಸದೆ ಐಟ್ಯೂನ್ಸ್ ಅಥವಾ ಆ್ಯಪಲ್ ಡಿವೈಸಸ್ ಆ್ಯಪ್‌ನೊಳಗಿಂದ, ಯಾವ ಸಾಧನದ್ದು, ಯಾವ ದಿನಾಂಕದ್ದು ಎಂದು ನೋಡಿ ಅಳಿಸಿ.

ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಸ್ಟೋರೇಜ್ ಎಂಬ ಹಾದಿಯಲ್ಲಿ ಇದೇ ಬಗೆಯ ಪಟ್ಟಿ ಸಿಗುತ್ತದೆ. ಟೈಮ್ ಮಷೀನ್ ಬಳಸುವವರು ದೊಡ್ಡ ಫೈಲ್ ಅಳಿಸಿದ ಕೂಡಲೇ ಜಾಗ ಹೆಚ್ಚದಿದ್ದರೆ ಗಾಬರಿಯಾಗಬೇಕಿಲ್ಲ. ಡಿಸ್ಕಿನಲ್ಲೇ ಇರುವ ತಾತ್ಕಾಲಿಕ ಸ್ನ್ಯಾಪ್‌ಶಾಟ್‌ಗಳು ಅದನ್ನು ಹಿಡಿದುಕೊಂಡಿರಬಹುದು, ಅಗತ್ಯ ಬಿದ್ದಾಗ ಮ್ಯಾಕ್ ಅವುಗಳನ್ನು ತಾನೇ ಬಿಡುತ್ತದೆ. ಲಿನಕ್ಸ್‌ನಲ್ಲಿ ನೋಮ್‌ನ ಡಿಸ್ಕ್ ಯೂಸೇಜ್ ಅನಲೈಜರ್‌ನಿಂದ ಅಳೆದು, ಪ್ಯಾಕೇಜ್ ಮ್ಯಾನೇಜರಿನ ಕ್ಯಾಶ್, ಹಳೆಯ ಜರ್ನಲ್ ಲಾಗ್‌ಗಳು, ಸ್ನ್ಯಾಪ್ ಪ್ಯಾಕೇಜ್‌ಗಳ ಹಿಂದಿನ ಆವೃತ್ತಿಗಳು ಇವನ್ನು ಆಯಾ ಸಾಧನಗಳ ಆಜ್ಞೆಗಳಿಂದಲೇ ತೆಗೆಯಬೇಕು.

ಮತ್ತೆ ತುಂಬದಂತೆ

ಸ್ಟೋರೇಜ್ ಪುಟದ ಸ್ಟೋರೇಜ್ ಸೆನ್ಸ್ ಆನ್ ಮಾಡಿ, ರಿಸೈಕಲ್ ಬಿನ್‌ಗೆ 30 ದಿನಗಳ ಅವಧಿ ಕೊಡಿ, ಡೌನ್‌ಲೋಡ್ಸ್‌ಗೆ 'ನೆವರ್' ಎಂದೇ ಇರಲಿ. ಎರಡನೆಯ ಡ್ರೈವ್ ಇದ್ದರೆ ವಿಡಿಯೋಸ್ ಅಥವಾ ಪಿಕ್ಚರ್ಸ್ ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಲೊಕೇಷನ್ ಎಂಬಲ್ಲಿ ಹೊಸ ಜಾಗವನ್ನು ತೋರಿಸಿದರೆ ಮುಂದಿನ ಫೈಲುಗಳು ಅಲ್ಲಿಗೇ ಹೋಗುತ್ತವೆ. ಸಿ ಡ್ರೈವ್‌ನಲ್ಲಿ ಶೇ 15ರಷ್ಟಾದರೂ ಸದಾ ಖಾಲಿಯಿರಲಿ ಎಂಬುದು ನಾನು ಪಾಲಿಸುವ ಮಿತಿ.

ಇಷ್ಟು ಮಾಡಿಯೂ ಆ ಮಿತಿ ಮುಟ್ಟದಿದ್ದರೆ ಡಿಸ್ಕ್ ನಿಮ್ಮ ಕೆಲಸಕ್ಕೆ ಚಿಕ್ಕದಾಗಿದೆ ಎಂದೇ ಅರ್ಥ, ದೊಡ್ಡದನ್ನು ಹಾಕಿಸುವುದು ಸರಿ. ಹಳೆಯದನ್ನು ಹೊಸದಕ್ಕೆ ಕ್ಲೋನ್ ಮಾಡಿದ (ಇದ್ದದ್ದನ್ನು ಇದ್ದಂತೆಯೇ ನಕಲಿಸಿದ) ಮೇಲೆ ಸಿ ಡ್ರೈವ್ ಮೊದಲಿನ ಗಾತ್ರದಲ್ಲೇ ಉಳಿದು, ಹೆಚ್ಚುವರಿ ಜಾಗ 'ಅನಲೊಕೇಟೆಡ್' ಎಂದು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣಿಸಬಹುದು. ಆ ಜಾಗ ಸಿ ಡ್ರೈವ್‌ನ ಬಲಕ್ಕೆ ಒತ್ತಾಗಿ ಇದ್ದರೆ ಮಾತ್ರ ಎಕ್ಸ್‌ಟೆಂಡ್ ವಾಲ್ಯೂಮ್ ಕೆಲಸ ಮಾಡುತ್ತದೆ. ನಡುವೆ ರಿಕವರಿ ಪಾರ್ಟಿಷನ್ ಕೂತಿದ್ದರೆ ಆ ಆಯ್ಕೆ ಮಸುಕಾಗಿರುತ್ತದೆ. ಆಗ ಪಾರ್ಟಿಷನ್‌ಗಳನ್ನು ಸರಿಸುವ ಸೌಲಭ್ಯವಿರುವ ಕ್ಲೋನಿಂಗ್ ತಂತ್ರಾಂಶದಿಂದ ಕ್ಲೋನ್ ಹಂತದಲ್ಲೇ ಸಿ ಡ್ರೈವ್‌ನ ಗಾತ್ರ ಹೆಚ್ಚಿಸಿಕೊಳ್ಳಬೇಕು. ಹೊಸ ಡಿಸ್ಕಿನಿಂದ ಕಂಪ್ಯೂಟರ್ ಸರಾಗವಾಗಿ ಆರಂಭವಾಗಿ, ಕೆಲವು ವಾರಗಳ ಕೆಲಸ ತೊಡಕಿಲ್ಲದೆ ನಡೆಯುವವರೆಗೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಹಾಗೇ ತೆಗೆದಿಡಿ.